19 ಕಿಲೋ ಗಿಡ, 23 ಕಿಲೋ ಸೂಟ್‌ಕೇಸ್

ಎಲ್ಲರಿಗೂ ನಮಸ್ಕಾರ.

ಡಿಸೆಂಬರ್ ಬಂತೆಂದರೆ ಇಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ತಪ್ಪದೆ ತಿರುಗುತ್ತದೆ. ಗಿಡದ ತುಂಬ ಕೆಂಪು ಹಣ್ಣು, ಪಕ್ಕದಲ್ಲಿ ನಗುತ್ತ ನಿಂತ ರೈತ, ಕೆಳಗೆ ಬರಹ: ಒಂದೇ ಗಿಡಕ್ಕೆ 19 ಕಿಲೋ ಟೊಮ್ಯಾಟೊ. ಅದರ ಬೆನ್ನಿಗೇ ಮನವಿ: ‘ಊರಿಗೆ ಹೋದವರು ಈ ಬೀಜ ಸ್ವಲ್ಪ ತನ್ನಿ.’ ಈ ಸಲ ಊರಿಗೆ ಹೊರಟವನು ನಾನೇ ಆಗಿದ್ದೆ. ಮನವಿಗಳೆಲ್ಲ ನನ್ನ ಕಡೆಗೇ ಬಂದವು. ಬೀಜ ನಾನು ತರಲಿಲ್ಲ. ಯಾಕೆ ತರಲಿಲ್ಲ ಅಂತ ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವ ಬದಲು ಇಲ್ಲೇ ಬರೆಯುತ್ತಿದ್ದೇನೆ. ಸೂಟ್‌ಕೇಸಿನಲ್ಲಿ ಜಾಗ ಇರಲಿಲ್ಲ ಅನ್ನುವುದು ಕಾರಣ ಅಲ್ಲ. ಶೇಂಗಾ ಚಟ್ನಿಪುಡಿ, ಕರದಂಟಿನ ನಡುವೆ ಒಂದು ಚಿಟಿಕೆ ಬೀಜಕ್ಕೆ ಜಾಗ ಸಿಗದೇ ಇರುತ್ತದೆಯೇ?

ಆ ಸುದ್ದಿ ಸುಳ್ಳೇನಲ್ಲ. ತಳಿಯ ಹೆಸರು ಅರ್ಕಾ ರಕ್ಷಕ್. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ ಎ.ಟಿ. ಸದಾಶಿವ ಮತ್ತು ಅವರ ತಂಡ ಬೆಳೆಸಿದ ಹೈಬ್ರಿಡ್. ಚಿಕ್ಕಬಳ್ಳಾಪುರದ ಕಡೆ ರೈತರೊಬ್ಬರಿಗೆ ಭಾರಿ ಇಳುವರಿ ಬಂದಾಗ ಪತ್ರಿಕೆಗಳಲ್ಲಿ 19 ಕಿಲೋದ ಮಾತು ಬಂತು. ಆದರೆ ಸಂಸ್ಥೆಯವರು ಹೇಳುವ ಇಳುವರಿ ಹೆಕ್ಟೇರಿಗೆ 75ರಿಂದ 80 ಟನ್, ಅದೂ 140-150 ದಿನದ ಬೆಳೆಯಲ್ಲಿ. ಎಕರೆ ಲೆಕ್ಕಕ್ಕೆ ಇಳಿಸಿದರೆ 30 ಟನ್ ಚಿಲ್ಲರೆ. ಮೂರಡಿಗೆ ಒಂದು ಸಾಲು, ಎರಡಡಿಗೆ ಒಂದು ಗಿಡ ಹಿಡಿದರೆ ಎಕರೆಗೆ 7 ಸಾವಿರದ ಮೇಲೆ ಗಿಡ ಕೂರುತ್ತವೆ. ಭಾಗಿಸಿ ನೋಡಿ. ಗಿಡಕ್ಕೆ ನಾಲ್ಕು ಕಿಲೋ ದಾಟುತ್ತದೆ, ಅಷ್ಟೇ. ಇದರ ಹಣ್ಣು ಒಂದೊಂದು 90ರಿಂದ 100 ಗ್ರಾಂ ತೂಗುತ್ತದೆ. 19 ಕಿಲೋ ಅಂದರೆ ಒಂದೇ ಗಿಡದಲ್ಲಿ ಸುಮಾರು 200 ಹಣ್ಣು. ಹನಿ ನೀರಾವರಿ, ನೀರಿನ ಜೊತೆಗೇ ಗೊಬ್ಬರ, ಕಟ್ಟಿ ನಿಲ್ಲಿಸಿದ ಕಾಂಡ, ದಿನವೂ ಸಾಲಿನಲ್ಲಿ ಓಡಾಡುವ ರೈತ. ಇಷ್ಟೆಲ್ಲ ಕೂಡಿದಾಗ ಎಲ್ಲೋ ಒಂದು ಗಿಡ ಅಲ್ಲಿಗೆ ಮುಟ್ಟಬಹುದು. ಫೋಟೋಕ್ಕೆ ನಿಲ್ಲಿಸುವುದು ಆ ಗಿಡವನ್ನೇ ಅಲ್ವಾ?

ಬಾಗಲಕೋಟೆಯ ನವನಗರದಲ್ಲಿ ನಮ್ಮ ಅಣ್ಣನ ಮನೆ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ತಗ್ಗಿನ ಓಣಿಗಳು ಹೋದ ಮೇಲೆ ಎತ್ತರದಲ್ಲಿ ಕಟ್ಟಿದ ಊರು ಅದು. ಓಣಿಯ ಹೆಸರು ಹೋಗಿ ಸೆಕ್ಟರ್ ನಂಬರ್ ಬಂದದ್ದಕ್ಕೆ ಹಳಬರು ಇವತ್ತಿಗೂ ಗೊಣಗುತ್ತಾರೆ. ನಮ್ಮ ವೈನಿ, ಅಂದರೆ ಅತ್ತಿಗೆ, ಮಾತ್ರ ಗೊಣಗುವುದಿಲ್ಲ. ಹಳೇ ಮನೆಯಲ್ಲಿ ಇರದ ಹಿತ್ತಲು ಅವರಿಗೆ ಇಲ್ಲಿ ಸಿಕ್ಕಿದೆ. ಮೊದಲು ಅಲ್ಲಿದ್ದದ್ದು ಬರೀ ಗರಸು, ಇಟ್ಟಂಗಿ ಚೂರು. ಟ್ರ್ಯಾಕ್ಟರಿನಲ್ಲಿ ಎರೆಮಣ್ಣು ತರಿಸಿ, ತಿಪ್ಪೆಗೊಬ್ಬರ, ಬೇವಿನ ಹಿಂಡಿ ಕೂಡಿಸಿ ಮಡಿ ಮಾಡಿದ್ದಾರೆ. ಮಡಿ ನೆಲದಿಂದ ಒಂದು ಗೇಣು ಎತ್ತರ. ಎರೆಮಣ್ಣು ಒಮ್ಮೆ ನೀರು ಹಿಡಿದರೆ ಬೇಗ ಬಿಡುವುದಿಲ್ಲ, ಟೊಮ್ಯಾಟೊ ಬೇರಿಗೆ ನಿಂತ ನೀರು ಆಗುವುದಿಲ್ಲ. ಅದಕ್ಕೇ ಆ ಎತ್ತರ.

‘ವೈನಿ, ಹತ್ತೊಂಬತ್ತು ಕಿಲೋ ಬಂತೇನ್ರಿ?’ ಅಂತ ಕೇಳಿದೆ.

‘ಎಲ್ಲೀ ಹತ್ತೊಂಬತ್ತು? ಐದಾರು ಕಿಲೋ ಬಂದ್ರ ರಗಡ ಆತು. ಆದ್ರ ಒಂದು ಗಿಡಾನೂ ಸಾಯಲಿಲ್ಲ ನೋಡ್ರಿ. ಅದನ್ನ ಬರೀರಿ ನಿಮ್ಮ ಪೇಪರಿನ್ಯಾಗ,’ ಅಂದರು.

ಅವರು ಹೇಳಿದ್ದೇ ಸರಿ. ಈ ತಳಿಯ ದೊಡ್ಡ ಗುಣ ಅದೇ. ನಮ್ಮ ಕಡೆ ಟೊಮ್ಯಾಟೊ ಹಚ್ಚಿದವರಿಗೆಲ್ಲ ಎಲೆ ಮುಟುರು ರೋಗ ಗೊತ್ತು. ಬಿಳಿ ನೊಣ ಎಲೆಯ ರಸ ಹೀರುವಾಗ ವೈರಸ್ ಬಿಟ್ಟು ಹೋಗುತ್ತದೆ. ಎಲೆ ಮುದುಡಿ, ಅಂಚು ಹಳದಿಯಾಗಿ, ಗಿಡ ಕುಳ್ಳಗೆ ನಿಂತುಬಿಡುತ್ತದೆ. ಸಸಿ ಇದ್ದಾಗಲೇ ಹತ್ತಿಕೊಂಡರೆ ಕಾಯಿಯ ಆಸೆ ಬಿಡಬೇಕು. ಹತ್ತಿದ ಮೇಲೆ ಔಷಧಿ ಅಂತ ಒಂದಿಲ್ಲ. ಎರಡನೆಯದು ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗ. ಇದು ಮಣ್ಣಿನಲ್ಲಿ ಕೂತಿರುತ್ತದೆ. ಬೇರಿನಿಂದ ಒಳಗೆ ಹೋಗಿ ನೀರು ಏರುವ ದಾರಿಯನ್ನೇ ಕಟ್ಟಿಹಾಕುತ್ತದೆ. ಹಸಿರಾಗಿ ನಳನಳಿಸುತ್ತಿದ್ದ ಗಿಡ ಎರಡು ದಿನದಲ್ಲಿ ಜೋತುಬೀಳುತ್ತದೆ. ಅನುಮಾನ ಇದ್ದರೆ ಕಾಂಡ ಕತ್ತರಿಸಿ ಗ್ಲಾಸಿನ ನೀರಿನಲ್ಲಿ ಹಿಡಿದು ನೋಡಿ. ಬಿಳಿ ಎಳೆ ಕೆಳಗಿಳಿದರೆ ಅದೇ ರೋಗ. ಹೊಲದವರಾದರೆ ಮುಂದಿನ ಸಲ ಅಲ್ಲಿ ಜೋಳ ಬಿತ್ತುತ್ತಾರೆ. ಹಿತ್ತಲಿನವರಿಗೆ ಇರುವುದು ಅಷ್ಟೇ ಜಾಗ. ಪ್ರತಿ ವರ್ಷ ಅಲ್ಲೇ ಟೊಮ್ಯಾಟೊ, ಇಲ್ಲದಿದ್ದರೆ ಅದರ ಬಳಗದ್ದೇ ಬದನೆ, ಮೆಣಸಿನಕಾಯಿ. ರೋಗಕ್ಕೆ ಮೂರೂ ಒಂದೇ. ಮೂರನೆಯದು ಬೇಗ ಬರುವ ಅಂಗಮಾರಿ, ಅರ್ಲಿ ಬ್ಲೈಟ್, ಕೆಳಗಿನ ಎಲೆಗಳ ಮೇಲೆ ಉಂಗುರ ಉಂಗುರವಾಗಿ ಮೂಡುವ ಕಂದು ಚುಕ್ಕೆ. ಅರ್ಕಾ ರಕ್ಷಕ್ ಈ ಮೂರಕ್ಕೂ ತಡೆ ಇರುವ ತಳಿ. ಮನೆಯ ಹಿತ್ತಲಿನಲ್ಲಿ ಇಳುವರಿ ಅಂದರೆ ಇದೇ ಅಂತ ನನಗೆ ಅನಿಸುತ್ತದೆ. ಹತ್ತು ಗಿಡ ನೆಟ್ಟು ಆರು ಸತ್ತರೆ ಉಳಿದ ನಾಲ್ಕು ಎಷ್ಟು ಬಿಟ್ಟರೇನು?

ತಳಿ ಒಂದರಿಂದಲೇ ಎಲ್ಲ ಆಗುವುದಿಲ್ಲ. ಬಾಗಲಕೋಟೆಯ ಬೇಸಿಗೆ ನಿಮಗೆ ಗೊತ್ತಲ್ಲ, ಹಗಲು 40 ಡಿಗ್ರಿ. ಟೊಮ್ಯಾಟೊ ಹೂವು ಕಾಯಿ ಕಟ್ಟಬೇಕಾದರೆ ರಾತ್ರಿ ತಂಪು ಬೇಕು. ರಾತ್ರಿಯ ಕಾವು 24 ಡಿಗ್ರಿ ದಾಟಿದರೆ ಪರಾಗ ಕೆಟ್ಟು ಹೂವು ಉದುರುತ್ತದೆ. ಯಾವ ಗೊಬ್ಬರ ಹಾಕಿದರೂ ಅಷ್ಟೇ. ಹಾಗಾಗಿ ವೈನಿ ಬೀಜ ಹಾಕುವುದು ಮಳೆಯ ಜೋರು ತಗ್ಗಿದ ಮೇಲೆ, ಸೆಪ್ಟೆಂಬರ್ ಹೊತ್ತಿಗೆ. ಪ್ರೋಟ್ರೇಯಲ್ಲಿ, ಅಂದರೆ ಸಣ್ಣ ಸಣ್ಣ ಕುಳಿಗಳ ತಟ್ಟೆಯಲ್ಲಿ, ತೆಂಗಿನ ನಾರಿನ ಪುಡಿ ತುಂಬಿ, ಕುಳಿಗೆ ಒಂದು ಬೀಜ. ಮೇಲೆ ಸೊಳ್ಳೆ ಪರದೆಯಂಥ ಸಣ್ಣ ಕಣ್ಣಿನ ಬಲೆ. ಸಸಿಗೆ 25 ದಿನ ಆಗುವ ತನಕ ಆ ಬಲೆ ತೆಗೆಯುವುದಿಲ್ಲ, ಬಿಳಿ ನೊಣ ಒಳಗೆ ಬರಬಾರದು ನೋಡಿ. ರೋಗ ತಡೆಯುವ ತಳಿಗೆ ಇದೆಲ್ಲ ಯಾಕೆ ಅಂತ ಕೇಳಬಹುದು. ತಡೆಯುತ್ತದೆ ಅಂದ ಮಾತ್ರಕ್ಕೆ ಎಳೆ ಸಸಿಯನ್ನು ನೊಣಕ್ಕೆ ಒಪ್ಪಿಸಬೇಕೇ?

ಮಡಿಯ ಸುತ್ತ ಚೆಂಡು ಹೂವು ಹಚ್ಚಿದ್ದಾರೆ. ದೀಪಾವಳಿಗೆ ಹೂವು ಕೊಳ್ಳುವ ಖರ್ಚು ಉಳಿಯುತ್ತದೆ ಅನ್ನುವುದು ಅಣ್ಣನ ವಾದ. ನಿಜವಾದ ಕಾರಣ ಕಾಯಿಕೊರಕ ಹುಳು. ಅದರ ಪತಂಗ ಟೊಮ್ಯಾಟೊಗಿಂತ ಮೊದಲು ಚೆಂಡು ಹೂವಿನ ಮೇಲೆ ಮೊಟ್ಟೆ ಇಡಲು ಹೋಗುತ್ತದೆ. ಹೊಲದಲ್ಲಾದರೆ 16 ಸಾಲು ಟೊಮ್ಯಾಟೊಗೆ ಒಂದು ಸಾಲು ಚೆಂಡು ಹೂವು ಅಂತ ಶಿಫಾರಸು ಇದೆ. ಹೂವಿನ ಸಸಿ 45 ದಿನದ್ದಿರಬೇಕು, ಟೊಮ್ಯಾಟೊ ಸಸಿ 25 ದಿನದ್ದು. ಆಗ ಎರಡೂ ಒಂದೇ ಹೊತ್ತಿಗೆ ಹೂ ಬಿಡುತ್ತವೆ. ಸುಮ್ನೆ ಅಂದಕ್ಕೆ ಅಂತ ತಡವಾಗಿ ಹಚ್ಚಿದರೆ ಹುಳುವಿಗೆ ಏನೂ ತೊಂದರೆ ಆಗುವುದಿಲ್ಲ.

ನೀರಿನ ಪಾಡು ಬೇರೆ. ಬೋರ್‌ವೆಲ್ಲಿನದು ಸವಳು ನೀರು. ಉಪ್ಪು ಜಾಸ್ತಿ ಇದ್ದರೆ, ಅಥವಾ ಒಂದು ವಾರ ಒಣಗಿಸಿ ಒಂದೇ ದಿನ ಕೊಡಗಟ್ಟಲೆ ಸುರಿದರೆ, ಕಾಯಿಗೆ ಕ್ಯಾಲ್ಸಿಯಂ ಸರಿಯಾಗಿ ಸಿಗುವುದಿಲ್ಲ. ಕಾಯಿಯ ತುದಿ ಕಪ್ಪಾಗಿ ಚರ್ಮದಂತೆ ಆಗುತ್ತದೆ. ಎಷ್ಟೋ ಜನ ಇದನ್ನು ರೋಗ ಅಂದುಕೊಂಡು ಔಷಧಿ ಹೊಡೆಯುತ್ತಾರೆ. ಇಲ್ಲಿ ನ್ಯೂಜೆರ್ಸಿಯಲ್ಲೂ ಕುಂಡದಲ್ಲಿ ಬೆಳೆಯುವವರು ಇದೇ ಫೋಟೋ ಕಳಿಸಿ ‘ಯಾವ ಸ್ಪ್ರೇ ಹಾಕಲಿ’ ಅಂತ ಕೇಳುತ್ತೀರಿ. ಸ್ಪ್ರೇ ಬೇಡ. ದಿನವೂ ಒಂದೇ ಅಳತೆಯ ನೀರು ಕೊಡಿ, ಬುಡಕ್ಕೆ ಒಣ ಎಲೆ ಮುಚ್ಚಿ. ನವನಗರದಲ್ಲಿ ವೈನಿ ಕಬ್ಬಿನ ರವದಿ, ಅಂದರೆ ಒಣ ಸೋಗೆ, ಮುಚ್ಚುತ್ತಾರೆ. ಸಕ್ಕರೆ ಕಾರ್ಖಾನೆಗಳ ಜಿಲ್ಲೆ, ರವದಿಗೆ ಬರವಿಲ್ಲ.

ಅರ್ಕಾ ರಕ್ಷಕ್ ಹಣ್ಣು ನೋಡಲು ತುಸು ಚೌಕ, ಕಡುಗೆಂಪು, ಗಟ್ಟಿ. ಫ್ರಿಜ್ ಇಲ್ಲದೆ ಹದಿನೈದು ದಿನ ಇಟ್ಟರೂ ಮೆತ್ತಗಾಗುವುದಿಲ್ಲ. ಲಾರಿಯಲ್ಲಿ ದೂರ ಹೋಗುವ ಹಣ್ಣಿಗೆ ಈ ಗುಣ ಬೇಕು. ಅಡುಗೆ ಮನೆಗೆ? ಪಲ್ಯಕ್ಕೆ, ಬಾತಿಗೆ ಅಡ್ಡಿಯಿಲ್ಲ. ಸಾರಿಗೆ ಮಾತ್ರ ಜವಾರಿ ಹಣ್ಣಿನ ಹುಳಿಗೆ ಸಮ ಇಲ್ಲ ಅಂತ ನನ್ನ ತೀರ್ಮಾನ, ವೈನಿಯದೂ ಅದೇ. ಮಡಿಯ ತುದಿಯಲ್ಲಿ ಅವರು ಜವಾರಿ ಗಿಡವನ್ನೂ ಇಟ್ಟಿದ್ದಾರೆ. ತೆಳು ಸಿಪ್ಪೆ, ಅಡ್ಡಾದಿಡ್ಡಿ ಆಕಾರ, ಎರಡು ದಿನಕ್ಕೇ ಬಿರಿಯುವ ಹಣ್ಣು. ಮುಟುರು ಬಂದರೆ ಹೋಯಿತು. ಆದರೂ ಬೀಜ ಕಟ್ಟಿಡುವುದು ಅದರದ್ದೇ.

ಯಾಕೆಂದರೆ ರಕ್ಷಕ್ ಹೈಬ್ರಿಡ್. ಅದರ ಹಣ್ಣಿನ ಬೀಜ ತೆಗೆದು ಹಾಕಿದರೆ ಮೊಳಕೆ ಬರುತ್ತದೆ, ಆದರೆ ತಾಯಿಯ ಗುಣ ಎಲ್ಲ ಗಿಡಕ್ಕೂ ಬರುವುದಿಲ್ಲ. ಒಂದು ಗಿಡ ಒಂದು ಥರ, ಇನ್ನೊಂದು ಇನ್ನೊಂದು ಥರ. ಪ್ರತಿ ಸಲ ಹೊಸ ಪ್ಯಾಕೆಟ್ಟೇ ಬೇಕು. ಆ ಪ್ಯಾಕೆಟ್ಟಿನ ಬೆಲೆಗೆ ಹುಬ್ಬೇರಿಸುವವರು ಒಮ್ಮೆ ರಾಣೇಬೆನ್ನೂರಿನ ಕಡೆ ಹೋಗಿ ನೋಡಬೇಕು. ಹೈಬ್ರಿಡ್ ತರಕಾರಿ ಬೀಜ ತಯಾರಿಸುವ ಕೆಲಸ ಅಲ್ಲಿ ಹಳ್ಳಿ ಹಳ್ಳಿಯಲ್ಲಿ ನಡೆಯುತ್ತದೆ. ಅರಳುವ ಮುಂಚಿನ ಮೊಗ್ಗನ್ನು ಸಂಜೆ ಚಿಮುಟದಿಂದ ಬಿಡಿಸಿ ಕೇಸರ ತೆಗೆಯಬೇಕು. ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಪರಾಗ ಮುಟ್ಟಿಸಬೇಕು. ಒಂದೊಂದು ಹೂವಿಗೂ ಹೀಗೇ, ಕೈಯಿಂದ. ಹೆಚ್ಚಾಗಿ ಹೆಣ್ಣುಮಕ್ಕಳ ಕೆಲಸ ಅದು.

ಈಗ ಸೂಟ್‌ಕೇಸಿನ ವಿಷಯ. ಅಮೆರಿಕಕ್ಕೆ ನೆಡುವ ಬೀಜ ತರಬೇಕಾದರೆ ಸಾಮಾನ್ಯವಾಗಿ ಕಳಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಟೊಮ್ಯಾಟೊ, ಮೆಣಸಿನಕಾಯಿ ಬೀಜಗಳಿಗೆ 2019ರ ನವೆಂಬರಿನಲ್ಲಿ ನಿಯಮ ಇನ್ನೂ ಬಿಗಿಯಾಯಿತು. ಕಾರಣ ಬ್ರೌನ್ ರುಗೋಸ್ ಅನ್ನುವ ವೈರಸ್. 2014ರಲ್ಲಿ ಇಸ್ರೇಲಿನಲ್ಲಿ ಕಾಣಿಸಿಕೊಂಡು ಕೆಲವೇ ವರ್ಷಗಳಲ್ಲಿ ಖಂಡ ಖಂಡ ದಾಟಿತು. ಬೀಜದ ಮೇಲೆ ಕೂತು ಬರುತ್ತದೆ, ಕೈಗೆ, ಬಟ್ಟೆಗೆ, ಕತ್ತರಿಗೆ ಅಂಟಿ ಹರಡುತ್ತದೆ. ‘ನಾಲ್ಕು ಬೀಜ ತಾನೇ’ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಬೀಜ ಕೇಳಿದ ಇಬ್ಬರಿಗೂ ಇದೇ ಉತ್ತರ. ಅವರು ಯಾರು ಅಂತ ಬರೆಯುವುದಿಲ್ಲ.

ಕಾನೂನು ಬಿಡಿ. ಆ ಬೀಜ ಇಲ್ಲಿ ಬಂದು ಮಾಡುವುದಾದರೂ ಏನು? ಮುಟುರು ರೋಗ ನಮ್ಮ ನ್ಯೂಜೆರ್ಸಿ ಹಿತ್ತಲಿನ ಕಾಟವಲ್ಲ. ದುಂಡಾಣು ಸೊರಗು ಬಿಸಿ ಮಣ್ಣಿನ ರೋಗ, ಇಲ್ಲಿಗಿಂತ ದಕ್ಷಿಣದ ರಾಜ್ಯಗಳಲ್ಲಿ ಅದರ ಹಾವಳಿ. ರಕ್ಷಕ್ ಹೊತ್ತು ತರುವ ಮೂರು ಗುರಾಣಿಗಳಲ್ಲಿ ಎರಡು ಇಲ್ಲಿ ಮೂಲೆಗೆ ಬೀಳುತ್ತವೆ. ಇಲ್ಲಿ ನಮ್ಮನ್ನು ಅಳಿಸುವುದು ತಡವಾಗಿ ಬರುವ ಅಂಗಮಾರಿ, ಲೇಟ್ ಬ್ಲೈಟ್. 2009ರ ಬೇಸಿಗೆಯಲ್ಲಿ ದೊಡ್ಡ ಅಂಗಡಿಗಳಲ್ಲಿ ಮಾರಿದ ಸಸಿಗಳ ಜೊತೆ ಅದು ಈಶಾನ್ಯ ರಾಜ್ಯಗಳಲ್ಲೆಲ್ಲ ಹಬ್ಬಿತ್ತು. ಹಳೇ ಸದಸ್ಯರಿಗೆ ನೆನಪಿರಬಹುದು. ರಕ್ಷಕ್‌ಗೆ ಅದರ ತಡೆ ಇಲ್ಲ. ಹೆಸರಘಟ್ಟದವರೇ ಆಮೇಲೆ ತಂದ ಅರ್ಕಾ ಅಭೇದ್ ತಳಿಗೆ ಇದೆ, ಆದರೆ ಅದನ್ನೂ ಬೆಳೆಸಿದ್ದು ಅಲ್ಲಿನ ಹೊಲಗಳಿಗಾಗಿ.

ಇಲ್ಲಿನ ಹೊಲಗಳಿಗೂ ಜನ ಹಾಗೇ ದುಡಿದಿದ್ದಾರೆ. ನ್ಯೂಯಾರ್ಕಿನ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಬೆಳೆಸಿದ ಐರನ್ ಲೇಡಿ ಅನ್ನುವ ತಳಿ ಎರಡೂ ಬಗೆಯ ಅಂಗಮಾರಿಯನ್ನು, ಸೆಪ್ಟೋರಿಯಾ ಎಲೆ ಚುಕ್ಕೆಯನ್ನು ತಡೆದುಕೊಳ್ಳುತ್ತದೆ. ನಮ್ಮ ರಾಜ್ಯದ ರಟ್ಗರ್ಸ್ ವಿಶ್ವವಿದ್ಯಾಲಯದ ಹೆಸರಿನದೇ ಟೊಮ್ಯಾಟೊ 1934ರಲ್ಲಿ ಹೊರಬಂತು. ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಒಂದು ತಳಿಯನ್ನೂ ಮಾರ್‌ಗ್ಲೋಬ್ ಅನ್ನುವ ತಳಿಯನ್ನೂ ಕೂಡಿಸಿ ಅದನ್ನು ಸಿದ್ಧಮಾಡಿದವರು ಲೈಮನ್ ಶರ್ಮರ್‌ಹಾರ್ನ್. ಕೂಡಿಸಿದ ಮೇಲೆ ವರ್ಷಗಟ್ಟಲೆ ಆರಿಸಿ ಗುಣ ನೆಲೆಗೊಳಿಸಿದ್ದರಿಂದ ಅದು ಹೈಬ್ರಿಡ್ ಅಲ್ಲ, ಬೀಜ ಕಟ್ಟಿಡಬಹುದು. 1968ರ ರಮಾಪೊ ಕೂಡ ರಟ್ಗರ್ಸಿನದೇ, ಅದು ಹೈಬ್ರಿಡ್. ಪ್ಯಾಕೆಟ್ ಕೊಳ್ಳುವಾಗ ಹೆಸರಿನ ಪಕ್ಕದ ವಿ, ಎಫ್, ಎನ್ ಅಕ್ಷರಗಳನ್ನು ನೋಡಿ. ವರ್ಟಿಸಿಲಿಯಂ, ಫ್ಯುಸೇರಿಯಂ ಅನ್ನುವ ಎರಡು ಶಿಲೀಂಧ್ರಗಳಿಗೆ, ನೆಮಟೋಡ್ ಅನ್ನುವ ಬೇರಿನ ಜಂತುಹುಳುವಿಗೆ ತಡೆ ಇದೆ ಅಂತ ಅರ್ಥ. ಫೋಟೋದ ಹಣ್ಣಿಗಿಂತ ಆ ಅಕ್ಷರಗಳು ಜಾಸ್ತಿ ಕೆಲಸಕ್ಕೆ ಬರುತ್ತವೆ.

ರಕ್ಷಕ್ ಬೇಕೇ ಬೇಕು ಅನ್ನುವವರು ಬೆಳಗಾವಿಯಲ್ಲೋ ವಿಜಯಪುರದಲ್ಲೋ ಇರುವ ಅಪ್ಪ ಅಮ್ಮನಿಗೆ ತರಿಸಿಕೊಡಿ. ಹೆಸರಘಟ್ಟದ ಸಂಸ್ಥೆ ಆನ್‌ಲೈನಿನಲ್ಲಿ ಬೀಜ ಮಾರುತ್ತದೆ, ಟಪಾಲಿನಲ್ಲಿ ಮನೆಗೆ ಬರುತ್ತದೆ. ಬಾಗಲಕೋಟೆಯವರಿಗಂತೂ 2008ರಲ್ಲಿ ಶುರುವಾದ ತೋಟಗಾರಿಕೆ ವಿಶ್ವವಿದ್ಯಾಲಯ ಊರಲ್ಲೇ ಇದೆ. ತೋಟಗಾರಿಕೆ ಮೇಳ ನಡೆದಾಗ ಅಲ್ಲಿ ಸುತ್ತಾಡಿದರೆ ಎರಡು ದಿನ ಸಾಲುವುದಿಲ್ಲ.

ಇನ್ನು ನಮ್ಮ ಸಂಘದ ಸಸಿ ಹಂಚಿಕೆ. ಬೀಜವನ್ನು ಮಾರ್ಚ್ ಕೊನೆಗೆ ಮನೆಯೊಳಗೆ ಹಾಕುತ್ತೇವೆ, ಹಿಮದ ಭಯ ಹೋದ ಮೇಲೆ, ಅಂದರೆ ಮೇ ಎರಡನೇ ವಾರ ದಾಟಿದ ಮೇಲೆ, ಹಂಚುತ್ತೇವೆ. ರಟ್ಗರ್ಸ್, ಐರನ್ ಲೇಡಿ ಎರಡೂ ಇರುತ್ತವೆ. ಮಾರ್ಚ್ ಎರಡನೇ ವಾರದೊಳಗೆ ಹೆಸರು ಕೊಡಿ, ಎಷ್ಟು ಸಸಿ ಅಂತಲೂ ಹೇಳಿ. ಕಳೆದ ಸಲ ‘ಇರಲಿ’ ಅಂತ ಹನ್ನೆರಡು ಒಯ್ದು ಒಂದೇ ಕುಂಡದಲ್ಲಿ ತುರುಕಿದವರಿಗೆ ಈ ಸಲ ನಾಲ್ಕೇ.

ಅಕ್ಟೋಬರಿನ ಮೊದಲ ಹಿಮಕ್ಕೆ ಮುಂಚೆ ಕಿತ್ತ ಕಾಯಿ ಟೊಮ್ಯಾಟೊವನ್ನು ಯಾರೂ ಕಸಕ್ಕೆ ಹಾಕಬೇಡಿ. ಹಸಿಮೆಣಸಿನಕಾಯಿ ಜೊತೆ ಎಣ್ಣೆಯಲ್ಲಿ ಬಾಡಿಸಿ, ಹುರಿದ ಶೇಂಗಾ, ಎಳ್ಳು, ಬೆಳ್ಳುಳ್ಳಿ, ಚೂರು ಬೆಲ್ಲ ಹಾಕಿ ತರಿತರಿಯಾಗಿ ಕುಟ್ಟಿದರೆ ರೊಟ್ಟಿಗೆ ಚಟ್ನಿ. ವೈನಿ ಇದಕ್ಕೆ ಜೀರಿಗೆ ಬೇಕೇ ಬೇಕು ಅನ್ನುತ್ತಾರೆ, ಧಾರವಾಡದ ಕಡೆಯ ನಮ್ಮ ಖಜಾಂಚಿ ಬೇಡವೇ ಬೇಡ ಅನ್ನುತ್ತಾರೆ. ನಿಮ್ಮ ಮನೆಯ ಪದ್ಧತಿ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.