ಓರಗಿತ್ತಿಗೆ, ಮತ್ತು ಜೊತೆಗಿದ್ದ ಎಲ್ಲರಿಗೆ

ಅನ್ನನಾಳದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷ ತುಂಬಿತು. ಮೊನ್ನೆಯ ಸ್ಕ್ಯಾನಿನಲ್ಲಿ ರೋಗ ಮರುಕಳಿಸಿದ ಲಕ್ಷಣವಿಲ್ಲವೆಂದು ವೈದ್ಯರು ತಿಳಿಸಿದ್ದಾರೆ. ಈ ಕಾಯಿಲೆ ತಿರುಗಿ ಬರುವುದಿದ್ದರೆ ಹೆಚ್ಚಿನವರಲ್ಲಿ ಮೊದಲ ಎರಡು ಮೂರು ವರ್ಷಗಳಲ್ಲೇ ಬರುತ್ತದೆಯಾದ್ದರಿಂದ ಪೂರ್ತಿ ನಿಶ್ಚಿಂತೆ ಎನ್ನಲಾರೆ; ಆದರೆ ಕೃತಜ್ಞತೆ ಹೇಳಲು ಇನ್ನಷ್ಟು ಕಾಯುವ ಮನಸ್ಸಿಲ್ಲ. ಕಾಯಿಲೆ ಪತ್ತೆಯಾದ ಬಗೆ ತೀರ್ಥಹಳ್ಳಿಯಲ್ಲಿ ನನ್ನನ್ನು ಬಲ್ಲವರಿಗೆಲ್ಲ ಗೊತ್ತಿದೆ, ಅದನ್ನು ಮತ್ತೆ ಬರೆಯುವುದಿಲ್ಲ.

ಸುರಿಯುವ ಮಳೆಯಲ್ಲಿ ಆಗುಂಬೆ ಘಾಟಿ ಇಳಿಸಿ ಆಸ್ಪತ್ರೆ ಮುಟ್ಟಿಸಿದ ನೆರೆಮನೆಯವರಿಗೆ, ರಕ್ತ ಕೊಟ್ಟ ನನ್ನ ಹಳೆಯ ವಿದ್ಯಾರ್ಥಿಗಳಿಗೆ, ಕೊನೆಕೊಯ್ಲಿನ ಹೊತ್ತಿನಲ್ಲಿ ಮುಯ್ಯಾಳಾಗಿ ಬಂದು ನಮ್ಮ ತೋಟದ ಕೆಲಸ ಮುಗಿಸಿಕೊಟ್ಟ ಊರಿನವರಿಗೆ, ಖರ್ಚಿನ ಮಾತು ನನ್ನ ಕಿವಿಗೆ ಬೀಳದಂತೆ ನೋಡಿಕೊಂಡ ನಮ್ಮ ಮನೆಯವರಿಗೆ ಮತ್ತು ಮೈದುನರಿಗೆ ನನ್ನ ಮನಃಪೂರ್ವಕ ನಮಸ್ಕಾರಗಳು.

ಗಡ್ಡೆಯನ್ನು ನೇರವಾಗಿ ತೆಗೆದುಬಿಡಬಾರದೆ, ಅದಕ್ಕೆ ಮೊದಲು ಕಿಮೋ ಮತ್ತು ವಿಕಿರಣ ಏಕೆ ಎಂದು ಕೇಳಿದಾಗ ನಮ್ಮ ಶಸ್ತ್ರಚಿಕಿತ್ಸಕರು ಬೇಸರಿಸದೆ, ಒಂದು ಹಾಳೆಯ ಮೇಲೆ ಎರಡು ಗೆರೆ ಎಳೆದು ವಿವರಿಸಿದ್ದರು. ನೆದರ್ಲೆಂಡ್ಸಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಕ್ರಾಸ್ ಎಂಬ ಅಧ್ಯಯನದಲ್ಲಿ 366 ರೋಗಿಗಳಿದ್ದರು. 188 ಮಂದಿಗೆ ಶಸ್ತ್ರಚಿಕಿತ್ಸೆ ಮಾತ್ರ. ಉಳಿದ 178 ಮಂದಿಗೆ ಅದಕ್ಕೆ ಮೊದಲು ಐದು ವಾರಗಳ ಕಾಲ ಕಾರ್ಬೋಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕಿಮೋ ಔಷಧಿಗಳು ಮತ್ತು ವಿಕಿರಣ. ಮೊದಲ ಗುಂಪಿನಲ್ಲಿ ಅರ್ಧದಷ್ಟು ಜನ 24 ತಿಂಗಳೊಳಗೆ ತೀರಿಕೊಂಡರು. ಎರಡನೆಯ ಗುಂಪಿನಲ್ಲಿ ಆ ಅವಧಿ 49 ತಿಂಗಳಿಗೆ ಏರಿತು. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ, ನನಗೂ ಬಂದಿದ್ದ, ಅನ್ನನಾಳದ ಒಳಪದರದ ಚಪ್ಪಟೆ ಕೋಶಗಳಲ್ಲಿ ಹುಟ್ಟುವ ಸ್ಕ್ವೇಮಸ್ ಬಗೆಯಲ್ಲಂತೂ, ಹೀಗೆ ಚಿಕಿತ್ಸೆ ಪಡೆದವರಲ್ಲಿ ಸುಮಾರು ಅರ್ಧ ಮಂದಿಯ ತೆಗೆದ ಭಾಗವನ್ನು ಪರೀಕ್ಷಿಸಿದಾಗ ಜೀವಂತ ಕ್ಯಾನ್ಸರ್ ಕೋಶವೇ ಸಿಗಲಿಲ್ಲ. ನನ್ನ ವರದಿಯೂ ಹಾಗೆಯೇ ಬಂತು. ಯಾರು ಯಾವ ಗುಂಪಿಗೆ ಎಂಬುದನ್ನು ಅಲ್ಲಿ ಚೀಟಿ ಎತ್ತಿದಂತೆ ನಿರ್ಧರಿಸಲಾಗಿತ್ತು. ಶಸ್ತ್ರಚಿಕಿತ್ಸೆ ಮಾತ್ರದ ಗುಂಪಿಗೆ ಬಿದ್ದ ಆ 188 ಜನರ ಒಂದು ಹೆಸರೂ ನನಗೆ ತಿಳಿಯದು. ಅವರಿಗೆ ಮತ್ತು ಅವರ ಮನೆಯವರಿಗೆ ನಾನು ಋಣಿ.

ಇನ್ನು ನನ್ನ ಓರಗಿತ್ತಿಯ ವಿಷಯ. ಹಿಸ್ಸೆಯಾಗಿ ಎರಡು ಮನೆಯಾದ ಮೇಲೆ ನಮ್ಮಿಬ್ಬರ ನಡುವೆ ಹಬ್ಬಹರಿದಿನದ ಮಾತು ಬಿಟ್ಟರೆ ಹೆಚ್ಚೇನೂ ಉಳಿದಿರಲಿಲ್ಲ. ಸುದ್ದಿ ತಿಳಿದ ಸಂಜೆಯೇ ಅವಳು ನಾಟಿ ಔಷಧಿಯ ಪೊಟ್ಟಣ ಹಿಡಿದು ಬಂದಳು. ಆನಂದಪುರದ ಬಳಿಯ ನರಸೀಪುರದಲ್ಲಿ, 2020ರಲ್ಲಿ ತೀರಿಕೊಂಡ ವೈದ್ಯ ನಾರಾಯಣಮೂರ್ತಿಯವರ ಮನೆಯ ಮುಂದೆ ದೂರದೂರದ ಊರುಗಳಿಂದ ಬಂದವರು ಸಾಲು ನಿಂತದ್ದನ್ನು ಕಂಡು ಬೆಳೆದ ಸೀಮೆ ನಮ್ಮದು. ಆ ನಂಬಿಕೆಯನ್ನು ನಾನು ಹಗುರವಾಗಿ ಕಾಣಲಾರೆ. ಅವಳು ಕದ್ದುಮುಚ್ಚಿ ಕೊಡಲಿಲ್ಲ. ಆಸ್ಪತ್ರೆಗೇ ಬಂದು, ಪೊಟ್ಟಣವನ್ನು ವೈದ್ಯರ ಮೇಜಿನ ಮೇಲಿಟ್ಟು, ಇದನ್ನೂ ಜೊತೆಗೆ ಕೊಡಬಹುದೇ ಎಂದು ಕೇಳಿದಳು. ಕಿಮೋ ನಡೆಯುವಾಗ ಯಾವ ಕಷಾಯ ಯಕೃತ್ತಿನ ಮೇಲೆ, ರಕ್ತಕಣಗಳ ಮೇಲೆ ಏನು ಮಾಡೀತೆಂದು ಹೇಳಲಾಗದು, ಸದ್ಯಕ್ಕೆ ಬೇಡ ಎಂದರು ವೈದ್ಯರು. 2018ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನವನ್ನೂ ಹೇಳಿದರು: ವಾಸಿಯಾಗಬಹುದಾದ ಹಂತದಲ್ಲಿದ್ದೂ ಪರ್ಯಾಯ ಚಿಕಿತ್ಸೆಯನ್ನಷ್ಟೇ ನಂಬಿದವರಲ್ಲಿ ಸಾವಿನ ಅಪಾಯ ಸುಮಾರು ಎರಡೂವರೆ ಪಟ್ಟು ಇತ್ತು. ಅದು ಸ್ತನ, ಶ್ವಾಸಕೋಶ, ಪ್ರಾಸ್ಟೇಟ್ ಮತ್ತು ಕರುಳಿನ ಕ್ಯಾನ್ಸರುಗಳ ಲೆಕ್ಕ, ಅನ್ನನಾಳದ್ದಲ್ಲ ಎಂಬುದನ್ನೂ ಅವರೇ ಸ್ಪಷ್ಟಪಡಿಸಿದರು. ಅವಳು ಮರುಮಾತಾಡದೆ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡಳು. ತನ್ನ ನಂಬಿಕೆಯನ್ನು ನನಗೋಸ್ಕರ ಪಕ್ಕಕ್ಕಿಟ್ಟವಳು ಅವಳು. ಅದು ಸಣ್ಣ ತ್ಯಾಗವೆಂದು ನನಗೆ ಅನ್ನಿಸಿಲ್ಲ.

ಶಸ್ತ್ರಚಿಕಿತ್ಸೆಯಲ್ಲಿ ಅನ್ನನಾಳದ ಬಹುಭಾಗ ತೆಗೆದು, ಜಠರವನ್ನೇ ಕೊಳವೆಯಂತೆ ಮಾಡಿ, ಮೇಲಕ್ಕೆಳೆದು ಕುತ್ತಿಗೆಯಲ್ಲಿ ಜೋಡಿಸುತ್ತಾರೆ. ಆ ಜೋಡಣೆ ಸೋರುವುದುಂಟು. ನನಗೆ ವಾರ್ಡಿಗೆ ಬಂದ ಮೇಲೆ ಸೋರಿತು. ರಾತ್ರಿ ಚಳಿ ಜ್ವರ ಏರಿದಾಗ ನನ್ನ ಕುತ್ತಿಗೆಯ ಪಟ್ಟಿಯ ಅಂಚು ಒದ್ದೆಯಾದದ್ದನ್ನು ಮೊದಲು ಕಂಡವಳು ಅವಳೇ. ಬೆರಳಿನಿಂದ ಮುಟ್ಟಿ, ಮೂಸಿ ನೋಡಿ, ಓಡಿಹೋಗಿ ನರ್ಸನ್ನು ಕರೆತಂದಳು. ಡ್ಯೂಟಿ ವೈದ್ಯರು ಹಾಸಿಗೆಯ ಮೇಲೆಯೇ ಹೊಲಿಗೆ ಬಿಚ್ಚಿ ಕೀವು ಹೊರಬಿಡುವಾಗ ನನ್ನ ಕೈ ಅವಳ ಕೈಯಲ್ಲಿತ್ತು. ಅನಂತರದ ಗಂಟೆಗಳಲ್ಲಿ ನಾನು ನೀರಿಗಾಗಿ ಸನ್ನೆಯಲ್ಲಿ ಬೇಡಿದೆ, ಕಣ್ಣೀರಿಟ್ಟೆ, ಅವಳ ಕೈಯನ್ನು ತಳ್ಳಿದೆ. ಅವಳು ಒದ್ದೆ ಹತ್ತಿಯಿಂದ ತುಟಿ ಒರೆಸಿದಳೇ ಹೊರತು ಒಂದು ಹನಿ ನುಂಗಗೊಡಲಿಲ್ಲ. ಸಾಕು, ಮನೆಗೆ ಕರೆದೊಯ್ಯಿ, ಅಲ್ಲೇ ಸಾಯುತ್ತೇನೆ ಎಂದು ಕಾಗದದ ಮೇಲೆ ಬರೆದುಕೊಟ್ಟೆ. ಅದನ್ನು ಓದಿ, ಮಡಚಿ, ಸೊಂಟಕ್ಕೆ ಸಿಕ್ಕಿಸಿಕೊಂಡು, “ಅಕ್ಕಯ್ಯ, ಬೆಳಗಾಗ್ಲಿ. ಬೆಳಗಾದ ಮೇಲೆ ನೀವು ಹೇಳಿದ್ದನ್ನ ಕೇಳ್ತೀನಿ” ಎಂದಳು. ಬೆಳಿಗ್ಗೆ ಜ್ವರ ಇಳಿದಿತ್ತು. ನಾನು ಏನನ್ನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಗಾಯ ತಾನಾಗಿ ಮುಚ್ಚುವವರೆಗೆ ಹೊಟ್ಟೆಯ ಪಕ್ಕದಿಂದ ಕರುಳಿಗೆ ಹಾಕಿದ ಟ್ಯೂಬಿನಲ್ಲಿ ದ್ರವಾಹಾರ ಹೋಗುತ್ತಿತ್ತು. ಅದನ್ನು ತೊಳೆಯುವುದನ್ನು ನರ್ಸ್‌ಗಳಿಂದ ಕಲಿತವಳೂ, ಮನೆಗೆ ಬಂದ ಮೇಲೆ ಹೊತ್ತು ತಪ್ಪದೆ ಮಾಡಿದವಳೂ ಅವಳೇ. ಈಗ ನಾನು ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪವೇ ಉಣ್ಣುತ್ತೇನೆ, ಊಟದ ನಡುವೆ ನೀರು ಕುಡಿಯುವುದಿಲ್ಲ, ತಲೆಯ ಕಡೆ ಎತ್ತರ ಮಾಡಿಕೊಂಡೇ ಮಲಗುತ್ತೇನೆ. ಪಾಯಸ ಹೆಚ್ಚಾದರೆ ಎದೆ ಹೊಡೆದುಕೊಂಡು ಮೈ ಬೆವರುತ್ತದೆ ಎಂದು ಗೊತ್ತಾದ ಮೇಲೆ, ಎರಡೂ ಮನೆಯ ಹಬ್ಬದಡಿಗೆಯಲ್ಲಿ ನನಗೆಂದು ಸಿಹಿಯಿಲ್ಲದ ಪಾಲನ್ನು ಅವಳು ಬೇರೆಯೇ ತೆಗೆದಿಡುತ್ತಾಳೆ. ಮುಂದಿನ ತಪಾಸಣೆಗೂ ತಾನೇ ಬರುವುದಾಗಿ ಮೈದುನರಿಗೆ ಈಗಾಗಲೇ ತಿಳಿಸಿದ್ದಾಳಂತೆ.