ಆದಿತ್ಯವಾರದ ಅರ್ಧ ದಿನಕ್ಕೊಂದು ಬಸ್ಸು: ಮಂಗಳೂರಿನ ಶಾಸಕರಿಗೆ ಬಹಿರಂಗ ಪತ್ರ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ ಗೌರವಪೂರ್ವಕ ನಮಸ್ಕಾರಗಳು.

ನಾನು ಬಂದರಿನ ಸಗಟು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ವಾರದಲ್ಲಿ ನನಗೆ ಸಿಗುವ ಬಿಡುವೆಂದರೆ ಆದಿತ್ಯವಾರ ಮಧ್ಯಾಹ್ನದ ಊಟವಾದ ಮೇಲಿನ ನಾಲ್ಕೈದು ಗಂಟೆ ಮಾತ್ರ. ಈ ಪತ್ರ ಆ ನಾಲ್ಕೈದು ಗಂಟೆಗಳ ಕುರಿತಾದದ್ದು. ರಸ್ತೆ, ಚರಂಡಿ, ಕುಡಿಯುವ ನೀರಿನ ಅಹವಾಲುಗಳು ರಾಶಿ ಬಿದ್ದಿರುವ ತಮ್ಮ ಮೇಜಿನ ಮೇಲೆ ಇದು ತೀರಾ ಸಣ್ಣ ವಿಷಯವೆನಿಸೀತು ಎಂಬ ಅಳುಕು ನನಗಿದ್ದರೂ ಬರೆಯುತ್ತಿದ್ದೇನೆ.

ಏಳನೆಯ ತರಗತಿಯಲ್ಲಿ ಓದುವ ನನ್ನ ಮಗಳಿಗೆ ಶಾಲೆಯಲ್ಲಿ ‘ನಮ್ಮ ಊರಿನ ಐತಿಹಾಸಿಕ ಸ್ಥಳಗಳು’ ಎಂಬ ವಿಷಯದ ಮೇಲೆ ಪುಸ್ತಕ ಮಾಡಲು ಹೇಳಿದ್ದರು. ಅವಳು ಅದರಲ್ಲಿ ಹಂಪಿಯ ಕಲ್ಲಿನ ರಥವನ್ನೂ ಮೈಸೂರಿನ ಅರಮನೆಯನ್ನೂ ಅಂಟಿಸಿದ್ದಳು. ಕೇಳಿದರೆ, ಅಂಗಡಿಯಲ್ಲಿ ಸಿಕ್ಕ ಚಾರ್ಟಿನಲ್ಲಿ ಇದ್ದದ್ದೇ ಅವು ಎಂದಳು. ಆಕೆಯ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಬಾಯಿ ಬರಲಿಲ್ಲ, ಏಕೆಂದರೆ ಈ ಊರಿನಲ್ಲಿ ಹುಟ್ಟಿ ಬೆಳೆದ ನಾನೇ ಅವಳನ್ನು ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ.

ಮುಂದಿನ ಆದಿತ್ಯವಾರ ಅಮ್ಮ, ಪತ್ನಿ, ಮಗಳು ಮತ್ತು ನಾನು ಬೋಳೂರಿನ ಹಳೆಯ ಕಾವಲು ಬುರುಜಾದ ಸುಲ್ತಾನ್ ಬತ್ತೇರಿಗೆ ಹೊರಟೆವು. ರಜಾದಿನವಾದ್ದರಿಂದ ಸಿಟಿ ಬಸ್ಸುಗಳ ಟ್ರಿಪ್ ಕಟ್ ಆಗಿತ್ತು. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಮುಕ್ಕಾಲು ಗಂಟೆ ಬಿಸಿಲಿಗೆ ನಿಂತದ್ದಾಯಿತು. ಆದರೆ ಬತ್ತೇರಿಯ ಕಪ್ಪು ಕಲ್ಲಿನ ಗೋಡೆ ಕಾಣುತ್ತಲೇ ಮಗಳು ಬಿಸಿಲನ್ನು ಮರೆತಳು. ಮೊಣಕಾಲು ನೋವಿನ ಅಮ್ಮ ಕೆಳಗೇ ಕುಳಿತರು. ಮಗಳು ಮೆಟ್ಟಿಲೇರಿ ಒಂದೊಂದೇ ಕಿಂಡಿಗೆ ಕಣ್ಣಿಟ್ಟು, ಯಾವ ಕಿಂಡಿಯಿಂದ ನದಿಯ ಎಷ್ಟು ಭಾಗ ಕಾಣುತ್ತದೆ ಎಂದು ಮೇಲಿನಿಂದಲೇ ಕೂಗಿ ವರದಿ ಒಪ್ಪಿಸಿದಳು. ಗುರುಪುರ ನದಿಯೊಳಗೆ ಶತ್ರುಗಳ ಯುದ್ಧನೌಕೆಗಳು ನುಗ್ಗದಂತೆ ಕಾಯಲು ಟಿಪ್ಪು ಸುಲ್ತಾನ್ ಇದನ್ನು 1784ರಲ್ಲಿ ಕಟ್ಟಿಸಿದ ಎಂದು ನಾನು ಹೇಳಿದೆ. ಟಿಪ್ಪುವಿಗೂ ಈಸ್ಟ್ ಇಂಡಿಯಾ ಕಂಪನಿಗೂ ನಡುವೆ ಮಂಗಳೂರು ಒಪ್ಪಂದ ಆದದ್ದು ಅದೇ 1784ರ ಮಾರ್ಚ್ 11ರಂದು ಎಂಬುದನ್ನೂ ಸೇರಿಸಿದೆ. ಆಗ ಅವಳು, ‘ಒಪ್ಪಂದ ಆದ ವರ್ಷವೇ ಕಾವಲು ಯಾಕೆ ಬೇಕಾಯಿತು ಅಪ್ಪ?’ ಎಂದು ಕೇಳಿಬಿಟ್ಟಳು. ನಾನು ತಡವರಿಸಿದೆ. ಕೆಳಗಿನಿಂದ ಅಮ್ಮ, ‘ನಂಬಿಕೆ ಇಲ್ಲದವರೇ ಅಲ್ಲವಾ ಕಾಗದ ಮಾಡಿಕೊಳ್ಳುವುದು?’ ಎಂದರು. ಸಂರಕ್ಷಿತ ಸ್ಮಾರಕಗಳ ಬಳಿ ಸಾಮಾನ್ಯವಾಗಿ ಕಾಣುವ ನೀಲಿ ಫಲಕ 100 ಮೀಟರ್ ನಿಷೇಧಿತ ಪ್ರದೇಶದ ಕಾನೂನನ್ನೂ ಅದನ್ನು ಮುರಿದವರಿಗಿರುವ ಶಿಕ್ಷೆಯನ್ನೂ ಹೇಳುತ್ತದೆ. ಅದು ಇರಲೇಬೇಕು. ಆದರೆ ಇಂಥ ಪ್ರಶ್ನೆ ಕೇಳುವ ಮಕ್ಕಳಿಗೆ ಅದರಲ್ಲಿ ಓದಲು ಏನೂ ಇರುವುದಿಲ್ಲ.

ಅಲ್ಲಿಂದ ಇನ್ನೊಂದು ಜಾಗಕ್ಕೆ ಹೋದೆವು. ಹೆಸರು ಹೇಳುವುದಿಲ್ಲ, ಏಕೆಂದರೆ ಅಲ್ಲಿಯವರನ್ನು ದೂರುವುದು ನನ್ನ ಉದ್ದೇಶವಲ್ಲ. ಬಾಗಿಲು ಹಾಕಿತ್ತು. ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ಬರೆದದ್ದು ಎಲ್ಲೂ ಕಾಣಲಿಲ್ಲ. ಪಕ್ಕದ ಎಳನೀರಿನವರು ‘ಇವತ್ತು ಸಂಶಯ’ ಎಂದರು. ಅಮ್ಮನನ್ನು ಮತ್ತೆ ಬಸ್ಸು ಕಾಯಿಸಲು ಮನಸ್ಸಾಗದೆ ರಿಕ್ಷಾ ಹಿಡಿದು ಮನೆಗೆ ಮರಳಿದೆವು. ಐದು ಗಂಟೆಯಲ್ಲಿ ನಾವು ನೋಡಿದ್ದು ಒಂದೇ ಜಾಗ.

ದೂರ ಹೆಚ್ಚಿದ್ದರಿಂದ ಹೀಗಾದದ್ದಲ್ಲ ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಬತ್ತೇರಿಯಿಂದ ಸ್ವಲ್ಪವೇ ದೂರದಲ್ಲಿ, 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠಾಪನೆ ಮಾಡಿದ ಕುದ್ರೋಳಿಯ ಗೋಕರ್ಣನಾಥ ಕ್ಷೇತ್ರವಿದೆ. ಬಿಜೈಯಲ್ಲಿ, ಕರ್ನಲ್ ಮಿರಾಜ್ಕರ್ ಅವರು ತಾಯಿಯ ನೆನಪಿಗೆ ಕೊಟ್ಟ ಹಡಗಿನಾಕಾರದ ಮನೆ ಶ್ರೀಮಂತಿ ಬಾಯಿ ವಸ್ತುಸಂಗ್ರಹಾಲಯವಾಗಿದೆ. ಕದ್ರಿಯ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿ ಆಳುಪ ಅರಸ ಕುಂದವರ್ಮನ ಕಾಲದ, ಕ್ರಿ.ಶ. 968ರದೆಂದು ಓದಲಾಗಿರುವ ಶಾಸನವಿದೆ. 1837ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ರೈತರು ಬಾವುಟ ಹಾರಿಸಿದ ಬಾವುಟಗುಡ್ಡೆಗೆ ಹೆಸರು ಬಂದದ್ದೇ ಆ ಬಾವುಟದಿಂದ. ಅದರ ಪಕ್ಕದಲ್ಲೇ ಇರುವ ಅಲೋಶಿಯಸ್ ಕಾಲೇಜಿನ ಚಾಪೆಲಿನ ಗೋಡೆಗಳಲ್ಲಿ, ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೆನಿ 1899ರಿಂದ 1901ರವರೆಗೆ ಬಿಡಿಸಿದ ಚಿತ್ರಗಳಿವೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ಹೆರ್ಮನ್ ಮೊಗ್ಲಿಂಗ್ 1843ರಲ್ಲಿ ಹೊರತಂದದ್ದೂ ಇದೇ ಊರಿನಿಂದ. ಇವೆಲ್ಲ ಬಸ್ಸೊಂದು ಒಂದು ಸುತ್ತು ಹೊಡೆದು ಬರುವಷ್ಟರೊಳಗಿನ ಜಾಗಗಳು.

ಆದ್ದರಿಂದ ನನ್ನ ಮುಖ್ಯ ಕೋರಿಕೆ ಇಷ್ಟೇ: ಆದಿತ್ಯವಾರ ಮಧ್ಯಾಹ್ನ ಎರಡರಿಂದ ಏಳರವರೆಗೆ ಸ್ಟೇಟ್‌ಬ್ಯಾಂಕಿನಿಂದ ಹೊರಟು ಬಂದರು, ಕುದ್ರೋಳಿ, ಬೋಳೂರು, ಬಿಜೈ, ಕದ್ರಿ, ಬಾವುಟಗುಡ್ಡೆ, ಹಂಪನಕಟ್ಟೆಯ ಮೂಲಕ ಮರಳುವ ಬಸ್ಸಿನ ವ್ಯವಸ್ಥೆಯಾಗಬೇಕು, ಒಂದೇ ಟಿಕೆಟಿನಲ್ಲಿ ಬೇಕಾದಲ್ಲಿ ಇಳಿದು, ಹಿಂದಿನಿಂದ ಬರುವ ಬಸ್ಸಿಗೆ ಹತ್ತಿಕೊಳ್ಳುವಂತಿರಬೇಕು. ಮೈಸೂರಿನಲ್ಲಿ ಓಡುವ ‘ಅಂಬಾರಿ’ಯಂತಹ ಎರಡಂತಸ್ತಿನ ಬಸ್ಸನ್ನು ನಾವು ಕೇಳುತ್ತಿಲ್ಲ. ನವರಾತ್ರಿಯ ಸಮಯದಲ್ಲಿ ಕೆಎಸ್‌ಆರ್‌ಟಿಸಿಯವರು ಇಲ್ಲಿಂದ ದಸರಾ ದರ್ಶನದ ಪ್ರವಾಸ ಏರ್ಪಡಿಸಿದ್ದಾರೆ. ವರ್ಷದಲ್ಲಿ ಹತ್ತು ದಿನ ಆಗುವುದು ಉಳಿದ ಆದಿತ್ಯವಾರಗಳಲ್ಲೂ ಸಣ್ಣ ಪ್ರಮಾಣದಲ್ಲಿ ಆಗಲಿ. ಬಸ್ಸು ನಿಲ್ಲುವ ಕಡೆಯಲ್ಲೆಲ್ಲ ಆ ಜಾಗ ಯಾವ ದಿನ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ ಎಂಬುದನ್ನೂ ಅಲ್ಲಿ ಏನಾಯಿತು ಎಂಬುದನ್ನೂ ಕನ್ನಡದಲ್ಲಿ ಹತ್ತು ಸಾಲು ಬರೆಸಬೇಕು. ಬರೆಯುವವರು ದಯವಿಟ್ಟು ‘ಪ್ರವಾಸಿಗರ ಸ್ವರ್ಗ’ ಎಂಬ ಮಾತನ್ನು ಬಿಟ್ಟು ಬರೆಯಲಿ. ಅಮ್ಮನಂಥವರಿಗೆ ಕುಳಿತುಕೊಳ್ಳಲು ನೆರಳು, ಹೆಂಗಸರಿಗೆ ಶೌಚಾಲಯ ಬೇಕೆಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ.

ಇನ್ನೊಂದು ಸಂಗತಿ ಅಮ್ಮನ ಪರವಾಗಿ. ಅವರು ಹರೆಯದಲ್ಲಿ ಜೆಪ್ಪುವಿನ ಕಡೆಯ ಹಂಚಿನ ಕಾರ್ಖಾನೆಯೊಂದರಲ್ಲಿ ಹಸಿ ಹಂಚಿನ ಅಂಚು ಸವರುವ ಕೆಲಸಕ್ಕೆ ಹೋಗುತ್ತಿದ್ದರು. ನಮ್ಮ ಹಳೆಯ ಮನೆಯ ಮಾಡು ಬಿಚ್ಚಿಸಿದಾಗ ಅವರು ಒಂದು ಹಂಚನ್ನು ಮಾತ್ರ ತೆಗೆದಿಟ್ಟರು. ಅದರ ಒಳಮೈಯಲ್ಲಿ ಬಾಸೆಲ್ ಮಿಷನ್ ಟೈಲ್ ವರ್ಕ್ಸ್ ಎಂಬ ಉಬ್ಬಕ್ಷರಗಳ ಜತೆಗೆ 1865 ಎಂದಿದೆ. ಅದು ಹಂಚು ಮಾಡಿದ ವರ್ಷವಲ್ಲ, ಕಾರ್ಖಾನೆ ಶುರುವಾದ ವರ್ಷ ಎಂದು ಮೊಮ್ಮಗಳ ಬೆರಳು ಹಿಡಿದು ಅಕ್ಷರಗಳ ಮೇಲೆ ಸವರಿಸುತ್ತ ಅಮ್ಮ ಹೇಳಿಕೊಟ್ಟರು. ಮೊದಲ ಮಹಾಯುದ್ಧದ ನಂತರ ಕಾರ್ಖಾನೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಈ ಮಿಷನ್ನಿನ ಕೈತಪ್ಪಿದ್ದರಿಂದ ಹಂಚಿಗೆ ನೂರು ವರ್ಷ ದಾಟಿರಲೇಬೇಕು ಎಂಬುದು ನನ್ನ ಲೆಕ್ಕ. ಮಗಳ ಪುಸ್ತಕದಲ್ಲಿ ಕಲ್ಲಿನ ರಥವಿದ್ದ ಪುಟದಲ್ಲಿ ಈಗ ಆ ಉಬ್ಬಕ್ಷರಗಳ ಪೆನ್ಸಿಲ್ ಅಚ್ಚು ಇದೆ.

ಬಸ್ಸಿನ ದಾರಿಯಲ್ಲಿ ಎಲ್ಲಾದರೂ ಒಂದು ಕಡೆ ಮಂಗಳೂರು ಹಂಚಿನ ಕಥೆಗೆ ಒಂದು ಕೋಣೆಯನ್ನೋ, ಕಡೇಪಕ್ಷ ಒಂದು ಕಪಾಟನ್ನೋ ಮೀಸಲಿಡುವುದಾದರೆ, ನಮ್ಮ ಹಂಚನ್ನು ಕೊಡಲು ಅಮ್ಮ ಒಪ್ಪಿದ್ದಾರೆ. ಯಾರಲ್ಲಿ ಒಪ್ಪಿಸಬೇಕು ಎಂದು ತಮ್ಮ ಕಚೇರಿಯಿಂದ ತಿಳಿಸಿದರೆ, ಆದಿತ್ಯವಾರ ಮಧ್ಯಾಹ್ನದ ಮೇಲೆ ಯಾವತ್ತಾದರೂ ತಂದುಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕ್ಷೇತ್ರದ ಒಬ್ಬ ಮತದಾರ, ಮಂಗಳೂರು