ನೆಕ್ರಾಸೊವ್ ಪ್ಯಾರಿಸ್‌ನಲ್ಲಿ ‘ನೆಲೆಸಿದ್ದಲ್ಲ’

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಯುದ್ಧ ಕಂಡ ರಷ್ಯನ್ ಲೇಖಕರ ಬಗ್ಗೆ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ವಿಕ್ಟರ್ ನೆಕ್ರಾಸೊವ್ ಅವರಿಗೆ ಸಿಕ್ಕಿದ್ದು ಎರಡೇ ಸಾಲು. ಸ್ಟಾಲಿನ್‌ಗ್ರಾಡ್ ಬಗ್ಗೆ ಕಾದಂಬರಿ ಬರೆದು ಸ್ಟಾಲಿನ್ ಪ್ರಶಸ್ತಿ ಪಡೆದರು, ಕೊನೆಗೆ ಪ್ಯಾರಿಸ್‌ನಲ್ಲಿ ನೆಲೆಸಿದರು ಅಂತ. ಆ ‘ನೆಲೆಸಿದರು’ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ. ಅದಕ್ಕೇ ಈ ಪತ್ರ.

ನಾನು ಮದ್ರಾಸ್ ಸ್ಯಾಪರ್ಸ್‌ನಲ್ಲಿ ಇದ್ದು ನಿವೃತ್ತನಾದವನು. ಸ್ಯಾಪರ್ ಅಂದರೆ ಸೇನೆಯಲ್ಲಿ ಮಣ್ಣಿನ ಕೆಲಸದವನು. ಕಂದಕ ತೋಡಬೇಕು, ಸೇತುವೆ ಕಟ್ಟಬೇಕು, ರಾತ್ರಿ ಮೈನ್, ಅಂದರೆ ನೆಲಬಾಂಬು, ಹೂಳಬೇಕು, ಹೂತದ್ದನ್ನು ಮತ್ತೆ ಕಿತ್ತು ತೆಗೆಯಬೇಕು. ನೆಕ್ರಾಸೊವ್ ಕೂಡ ಸ್ಯಾಪರ್. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಯೊಂದರಲ್ಲಿ ಅವರ ಕಾದಂಬರಿಯ ಇಂಗ್ಲಿಷ್ ಅನುವಾದ ಸಿಕ್ಕಾಗ ನಾನು ಕೊಂಡದ್ದು ಇದೊಂದೇ ಕಾರಣಕ್ಕೆ.

ಅವರು ಹುಟ್ಟಿದ್ದು 1911ರಲ್ಲಿ, ಈಗಿನ ಉಕ್ರೇನಿನ ರಾಜಧಾನಿ ಕೀವ್‌ನಲ್ಲಿ. ತಾಯಿ ವೈದ್ಯೆ. ಓದಿದ್ದು ವಾಸ್ತುಶಿಲ್ಪ, ಆಮೇಲೆ ಹಿಡಿದದ್ದು ನಾಟಕದ ಗೀಳು. ಹಿಟ್ಲರನ ಸೇನೆ ಸೋವಿಯತ್ ದೇಶದ ಮೇಲೆ ಯುದ್ಧಕ್ಕೆ ಬಂದಾಗ ಅವರಿಗೆ ಮೂವತ್ತು ವಯಸ್ಸು. ಸ್ಟಾಲಿನ್‌ಗ್ರಾಡ್‌ನಲ್ಲಿ ಒಂದು ರೆಜಿಮೆಂಟಿನ ಎಂಜಿನಿಯರ್ ಆಗಿ ಮಮಾಯೆವ್ ಕುರ್ಗಾನ್ ಗುಡ್ಡದ ಹತ್ತಿರ ತಿಂಗಳುಗಟ್ಟಲೆ ಇದ್ದರು. ಇವತ್ತು ಅಲ್ಲಿ ಕತ್ತಿ ಎತ್ತಿದ ತಾಯಿಯ ದೈತ್ಯ ಪ್ರತಿಮೆ ಇದೆ, ಫೋಟೋದಲ್ಲಿ ನೀವೂ ನೋಡಿರುತ್ತೀರಿ.

1944ರಲ್ಲಿ ಪೋಲೆಂಡಿನ ಲುಬ್ಲಿನ್‌ನಲ್ಲಿ ತೋಳಿಗೆ ಗುಂಡು ಬಿತ್ತು. ಬೆರಳುಗಳು ಮಾತು ಕೇಳುತ್ತಿರಲಿಲ್ಲ. ಪೆನ್ಸಿಲ್ ಹಿಡಿದು ಏನಾದರೂ ಗೀಚುತ್ತಾ ಇರಿ, ಬೆರಳು ಸರಿಹೋಗುತ್ತದೆ ಅಂತ ಡಾಕ್ಟರು ಹೇಳಿದರು. ಚಿತ್ರ ಬರೆಯುವುದು ಬೇಜಾರಾಗಿ ಯುದ್ಧದ ಕಥೆ ಬರೆಯತೊಡಗಿದರು. ‘ಸ್ಟಾಲಿನ್‌ಗ್ರಾಡಿನ ಕಂದಕಗಳಲ್ಲಿ’ ಶುರುವಾದದ್ದು ಹೀಗೆ, ಕೈಯ ವ್ಯಾಯಾಮಕ್ಕೆ ಅಂತ! 1946ರಲ್ಲಿ ‘ಜ್ನಾಮ್ಯಾ’ ಮಾಸಪತ್ರಿಕೆಯಲ್ಲಿ ಅಚ್ಚಾಯಿತು.

ಆ ಪುಸ್ತಕ ಶುರುವಾಗುವುದೇ ಸೇನೆ ಹಿಂದೆ ಸರಿಯುವುದರಿಂದ. ಜೈಕಾರ ಇಲ್ಲ, ಭಾಷಣ ಇಲ್ಲ. ಎಷ್ಟು ಮೈನ್ ಉಳಿದಿದೆ, ಸಲಿಕೆ ಸಾಕಾಗುತ್ತದಾ, ಬೆಳಗಾಗುವುದರೊಳಗೆ ಕೆಲಸ ಮುಗಿಯುತ್ತದಾ, ಇದೇ ಚಿಂತೆ. ಅದನ್ನು ಓದಿ ನಾನು ನಕ್ಕಿದ್ದೇನೆ. ಅತ್ತದ್ದೂ ಇದೆ. ಅದರಲ್ಲಿ ವಲೆಗಾ ಅನ್ನೋ ಹುಡುಗ ಬರುತ್ತಾನೆ, ಅಧಿಕಾರಿಯ ಆರ್ಡರ್ಲಿ. ಅಕ್ಷರ ಕೂಡಿಸಿ ಕೂಡಿಸಿ ಓದುವವನು, ಭಾಗಾಕಾರ ಬಾರದವನು. ಆದರೆ ಕೊನೇ ಗುಂಡಿನವರೆಗೂ ಜಾಗ ಬಿಟ್ಟು ಕದಲುವವನಲ್ಲ. ಅಂಥ ಹುಡುಗರು ನಮ್ಮ ಕಂಪನಿಯಲ್ಲೂ ಇದ್ದರು.

ಪ್ರಶಸ್ತಿ ಬಂದದ್ದೂ ತಮಾಷೆಯೇ. ಪಟ್ಟಿಯಿಂದ ಇವರ ಹೆಸರನ್ನು ರಾತ್ರಿ ಹೊಡೆದುಹಾಕಿದ್ದರು, ಬೆಳಗಾಗುವಷ್ಟರಲ್ಲಿ ಅದು ಮತ್ತೆ ಸೇರಿತ್ತು, ಹಾಗೆ ಸೇರಿಸುವ ಧೈರ್ಯ ಇದ್ದದ್ದು ಒಬ್ಬರಿಗೇ ಅಂತ ನೆಕ್ರಾಸೊವ್ ಅವರೇ ಹೇಳುತ್ತಿದ್ದರು. ಆ ಒಬ್ಬರು ಯಾರು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಇಷ್ಟಕ್ಕೇ ನಿಲ್ಲಿಸಿದರೆ ಪದಕ ತೊಟ್ಟ ಮಾಜಿ ಸೈನಿಕನ ಕಥೆ, ಎಲ್ಲರಿಗೂ ಹಿತ. ನಿಮ್ಮ ಪುರವಣಿ ನಿಂತದ್ದೂ ಇಲ್ಲೇ. ನನಗೆ ಮುಖ್ಯವಾದದ್ದು ಇದರ ಮುಂದಿನದು.

ಕೀವ್‌ನ ಅಂಚಿನಲ್ಲಿ ಬಾಬಿ ಯಾರ್ ಅನ್ನೋ ಆಳವಾದ ಕಮರಿ ಇತ್ತು. 1941ರ ಸೆಪ್ಟೆಂಬರ್ 29 ಮತ್ತು 30ರಂದು, ಎರಡೇ ದಿನದಲ್ಲಿ, ನಾಜಿಗಳು ಅಲ್ಲಿ 33,771 ಯಹೂದಿಗಳನ್ನು ಗುಂಡಿಟ್ಟು ಕೊಂದರು. ಆಮೇಲೂ ಕೊಲ್ಲುತ್ತಲೇ ಇದ್ದರು. ಯುದ್ಧ ಮುಗಿದು ವರ್ಷಗಳಾದರೂ ಅಲ್ಲೊಂದು ಕಲ್ಲು ನಿಲ್ಲಲಿಲ್ಲ. ಕಮರಿಯನ್ನು ಮುಚ್ಚಿ ಪಾರ್ಕು, ಸ್ಟೇಡಿಯಂ ಮಾಡುವ ಯೋಚನೆ ನಡೆಯಿತು. 1959ರ ಅಕ್ಟೋಬರ್‌ನಲ್ಲಿ ನೆಕ್ರಾಸೊವ್ ‘ಲಿತೆರತೂರ್ನಯಾ ಗಜೆತಾ’ ಪತ್ರಿಕೆಗೆ ಬರೆದರು. ಇಷ್ಟು ಹೆಣ ಬಿದ್ದ ಜಾಗದಲ್ಲಿ ಫುಟ್‌ಬಾಲ್ ಆಡುವ ಯೋಚನೆ ಯಾರ ತಲೆಗೆ ಬಂತು ಅಂತ ಕೇಳಿದರು. ಚಿಕ್ಕ ಬರಹ, ಆದರೆ ಆ ಪ್ರಶ್ನೆಯನ್ನು ಪತ್ರಿಕೆಯಲ್ಲಿ ಬಹಿರಂಗವಾಗಿ ಕೇಳುವ ಎದೆ ಆಗ ಎಷ್ಟು ಜನರಿಗಿತ್ತು?

ಇಟ್ಟಿಗೆ ಕಾರ್ಖಾನೆಯ ಕೆಸರನ್ನು ಪಂಪ್ ಮಾಡಿ ಕಮರಿ ತುಂಬಿಸುವ ಕೆಲಸ ನಡೆದೇ ಇತ್ತು. 1961ರ ಮಾರ್ಚ್ 13ರ ಬೆಳಿಗ್ಗೆ ಒಡ್ಡು ಒಡೆದು ಕೆಸರು ಕೆಳಗಿನ ಕುರೆನಿವ್ಕಾ ಬಡಾವಣೆಗೆ ನುಗ್ಗಿತು. ಸರ್ಕಾರ ಒಪ್ಪಿಕೊಂಡ ಸಾವೇ 145, ನಿಜದಲ್ಲಿ ಅದಕ್ಕಿಂತ ತುಂಬಾ ಜಾಸ್ತಿ ಅನ್ನುತ್ತಾರೆ. ಕೆಸರನ್ನು ಮಣ್ಣಿನ ಕಟ್ಟೆಯ ಹಿಂದೆ ನಿಲ್ಲಿಸಿದರೆ ಏನಾಗುತ್ತದೆ ಅಂತ ಯಾವ ಸ್ಯಾಪರ್‌ನ ಕೇಳಿದ್ದರೂ ಹೇಳುತ್ತಿದ್ದ.

1966ರಲ್ಲಿ, ಹತ್ಯಾಕಾಂಡಕ್ಕೆ 25 ವರ್ಷ ತುಂಬಿದ ದಿನ, ಅನುಮತಿ ಇಲ್ಲದೆ ಸೇರಿದ ಜನರ ನಡುವೆ ಉಕ್ರೇನಿನ ವಿಮರ್ಶಕ ಇವಾನ್ ಜ್ಯೂಬಾ ಮಾತಾಡಿದರು, ನೆಕ್ರಾಸೊವ್ ಕೂಡ ಮಾತಾಡಿದರು. ಅಲ್ಲಿ ಸತ್ತವರು ಯಹೂದಿಗಳಷ್ಟೇ ಅಲ್ಲವಲ್ಲ ಅಂತ ಸರ್ಕಾರದವರು ರಾಗ ಎಳೆಯುತ್ತಿದ್ದರು. ನೆಕ್ರಾಸೊವ್ ಉತ್ತರ: ಹೌದು, ಬೇರೆಯವರೂ ಸತ್ತರು, ಆದರೆ ಯಹೂದಿಗಳಾಗಿ ಹುಟ್ಟಿದರು ಅನ್ನೋ ಒಂದೇ ಕಾರಣಕ್ಕೆ ಸತ್ತವರು ಯಹೂದಿಗಳು ಮಾತ್ರ.

ಲೆಕ್ಕ ಚುಕ್ತಾ ಮಾಡಲು ಸರ್ಕಾರ ತಡಮಾಡಲಿಲ್ಲ. ಅಮೆರಿಕಾ, ಇಟಲಿ ಪ್ರವಾಸದ ಬಗ್ಗೆ ಇದ್ದದ್ದು ಇದ್ದ ಹಾಗೆ ಬರೆದದ್ದಕ್ಕೆ 1963ರಲ್ಲೇ ಸೋವಿಯತ್ ನಾಯಕ ಕ್ರುಶ್ಚೇವ್ ಸಭೆಯಲ್ಲಿ ಹರಿಹಾಯ್ದಿದ್ದರು. ಯುದ್ಧಕಾಲದಲ್ಲಿ ಸೇರಿಕೊಂಡಿದ್ದ ಕಮ್ಯುನಿಸ್ಟ್ ಪಕ್ಷ 1973ರಲ್ಲಿ ಹೊರಹಾಕಿತು. 1974ರ ಜನವರಿಯಲ್ಲಿ ಸೋವಿಯತ್ ಗುಪ್ತ ಪೊಲೀಸ್ ಪಡೆ ಕೆಜಿಬಿಯವರು ಕೀವ್‌ನ ಮನೆಗೆ ನುಗ್ಗಿ 42 ಗಂಟೆ ಶೋಧ ನಡೆಸಿದರು. ಹಸ್ತಪ್ರತಿ, ಪುಸ್ತಕ, ಪತ್ರಿಕೆ ಎಲ್ಲ ಸೇರಿ ಏಳು ಮೂಟೆ ಹೊತ್ತೊಯ್ದರು. ಸ್ಟಾಲಿನ್‌ಗ್ರಾಡ್ ಕಾದ ಕ್ಯಾಪ್ಟನ್‌ನ ಮನೆ ಅದು. ಶತ್ರು ಬಂಕರ್ ತಡಕುವುದಕ್ಕೂ ಅಷ್ಟು ಹೊತ್ತು ಬೇಡ ಸ್ವಾಮಿ.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಬಂಧುವಿನ ಮನೆಗೆ ಹೋಗುವ ಅನುಮತಿ ಮೇಲೆ ದೇಶ ಬಿಟ್ಟರು. ಆಗ ಅವರಿಗೆ 63. ಆಮೇಲೆ ಪ್ಯಾರಿಸ್. ಇತ್ತ ಅವರ ಪುಸ್ತಕಗಳು ಸೋವಿಯತ್ ಲೈಬ್ರರಿಗಳಿಂದ ಮಾಯವಾದವು. 1976ರಲ್ಲಿ ಬಾಬಿ ಯಾರ್‌ನಲ್ಲಿ ಕೊನೆಗೂ ಸ್ಮಾರಕ ಎದ್ದಿತು, ಅದರ ಮೇಲೆ ಕೀವ್ ನಗರದ ನಾಗರಿಕರು, ಯುದ್ಧಕೈದಿಗಳು ಅಂತ ಇತ್ತು, ‘ಯಹೂದಿ’ ಅನ್ನೋ ಪದ ಇರಲಿಲ್ಲ.

ಸಂಪಾದಕರೇ, ಜಾಗದ ತಾಪತ್ರಯ ನನಗೂ ಗೊತ್ತು. ಮುಂದೆ ಎಂದಾದರೂ ಅವರಿಗೆ ಎರಡೇ ಸಾಲು ಕೊಡಬೇಕಾಗಿ ಬಂದರೆ, ಎರಡನೆಯದು ದಯವಿಟ್ಟು ಹೀಗಿರಲಿ: 1979ರಲ್ಲಿ ಪೌರತ್ವ ಕಿತ್ತುಕೊಂಡರು, 1987ರ ಸೆಪ್ಟೆಂಬರ್ 3ರಂದು ಪ್ಯಾರಿಸ್‌ನಲ್ಲಿ ತೀರಿಕೊಂಡರು.

— ಒಬ್ಬ ನಿವೃತ್ತ ಸುಬೇದಾರ್, ಹಲಸೂರು, ಬೆಂಗಳೂರು